ಬಾಗೂರಿನ ಸೊಸೆಯ ಬಲಗಾಲು

ಮೂರು ದಿನ ನೋವು ತಿಂದ ಮೇಲೆ ನೀಲಾಂಬಿಕೆಗೆ ಹೆರಿಗೆಯಾಯಿತು. ಯುರೋಪಿನಲ್ಲಿ ಯುದ್ಧ ಶುರುವಾದ ವರ್ಷ ಅದು. ಬಾಗೂರಿನ ಕೊಬ್ಬರಿ ವ್ಯಾಪಾರದ ಮನೆಗೆ ಅವಳೊಬ್ಬಳೇ ಸೊಸೆ. ತವರಿನಲ್ಲಿ ತಾಯಿ ಇಲ್ಲದ ಕಾರಣ ಬಾಣಂತನ ಅತ್ತೆಯ ಮನೆಯಲ್ಲೇ ನಡೆಯಿತು. ಹುಟ್ಟಿದ ಹೆಣ್ಣುಮಗುವಿನ ತಲೆ ಸೋರೆಬುರುಡೆಯ ಹಾಗೆ ಉದ್ದವಾಗಿತ್ತು. ಆದರೂ ಗಟ್ಟಿಯಾಗಿ ಅತ್ತಿತು. ಸೂಲಗಿತ್ತಿ ಸುಬ್ಬಮ್ಮ ಬೆವರು ಒರೆಸಿಕೊಂಡು, "ಎರಡು ಜೀವಾನೂ ಉಳ್ಕೊಂಡ್ವು ಕಣವ್ವ, ಇನ್ನೇನ್ ಬೇಕು" ಎಂದಳು.

ಐದನೆಯ ದಿನ ಎದ್ದು ನಿಂತಾಗ ಬಲಗಾಲಿನ ಪಾದ ಮೇಲೇಳಲಿಲ್ಲ. ಹೆಜ್ಜೆ ಎತ್ತಿದರೆ ಬೆರಳುಗಳು ನೆಲದತ್ತ ಜೋತುಬೀಳುತ್ತಿದ್ದವು. ಹೊಸಿಲಿಗೆ ಎಡವಿ ಮುಗ್ಗರಿಸಿದಳು. ಹೊಳೆ ದಾಟುವವರ ಹಾಗೆ ಮಂಡಿಯನ್ನು ಎತ್ತರಕ್ಕೆ ಎತ್ತಿ ಹಾಕಿದರೆ ಮಾತ್ರ ನಡೆಯಲು ಆಗುತ್ತಿತ್ತು. ಹಾಗೆ ಹಾಕಿದ ಪಾದ ಪ್ರತಿ ಸಲವೂ ಪಟ್ ಎಂದು ನೆಲಕ್ಕೆ ಬಡಿಯುತ್ತಿತ್ತು. ಅವಳು ಯಾವ ಕೋಣೆಯಲ್ಲಿದ್ದಾಳೆಂದು ಮನೆಗೆಲ್ಲ ತಿಳಿಯುತ್ತಿತ್ತು.

"ಮೊಗ ಸಿಕ್ಕಾಕ್ಕೊಂಡಿತ್ತಲ್ಲ, ಒಳಗೆ ನರ ಜಜ್ಜೋಗದೆ," ಎಂದಳು ಸುಬ್ಬಮ್ಮ, ಕಾಲಿಗೆ ಎಣ್ಣೆ ತಿಕ್ಕುತ್ತ. "ನಾ ಇಂಥವು ಎರಡು ನೋಡಿವ್ನಿ. ಒಬ್ಬಳಿಗೆ ವರ್ಸಕ್ಕೆ ಸರಿಯೋಯ್ತು."

"ಇನ್ನೊಬ್ಬಳಿಗೆ?"

ಸುಬ್ಬಮ್ಮ ಇನ್ನಷ್ಟು ಎಣ್ಣೆ ಸುರಿದುಕೊಂಡು ಮತ್ತೆ ತಿಕ್ಕಿದಳು.

ಬಾಣಂತಿಯ ಮಂಚದ ಪಕ್ಕದಲ್ಲಿ ಕೆಂಡದ ಮಡಕೆ ಇರುತ್ತಿತ್ತು. ಒಂದು ಬೆಳಿಗ್ಗೆ ನೀಲಾಂಬಿಕೆ ಮಗುವಿಗೆ ಹಾಲೂಡಿಸುತ್ತಿದ್ದಾಗ ಏನೋ ಸುಟ್ಟ ವಾಸನೆ ಬಂತು. ಸೀರೆಗೆ ಕಿಡಿ ಬಿತ್ತೇನೋ ಎಂದು ಕೊಡವಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಅತ್ತೆ ಪಾರ್ವತಮ್ಮ ಅವಳ ಪಾದವನ್ನೇ ನೋಡುತ್ತಿದ್ದರು. ಪಾದದ ಮೇಲೆ ಕೆಂಡದ ಚೂರೊಂದು ಕೂತಿತ್ತು. ಚರ್ಮ ಕರಿಯಾಗಿತ್ತು. ನೀಲಾಂಬಿಕೆಗೆ ಗೊತ್ತೇ ಆಗಿರಲಿಲ್ಲ.

"ಉರಿ ಇಲ್ವೇನೇ?" ಎಂದರು ಪಾರ್ವತಮ್ಮ.

"ಇಲ್ಲ, ಅತ್ತೆಮ್ಮ."

ಪಾರ್ವತಮ್ಮ ಹೊಸಿಲಿನಿಂದ ಹಿಂದೆ ಸರಿದರು.

ಆಮೇಲೆ ಒಂದು ಮಧ್ಯಾಹ್ನ ನೀಲಾಂಬಿಕೆ ಮಗುವಿನ ಜೊತೆ ಮಲಗಿದ್ದಳು. ಎಚ್ಚರವಾದಾಗ ಮಂಚದ ಕೊನೆಯಲ್ಲಿ ಅತ್ತೆ ಬಗ್ಗಿ ನಿಂತಿದ್ದರು. ಅವರ ಕೈಯಲ್ಲಿ ಕೊಬ್ಬರಿ ಚೀಲ ಹೊಲಿಯುವ ದಬ್ಬಳ. ಅದರ ಮೊನೆ ತನ್ನ ಪಾದದೊಳಕ್ಕೆ ಇಳಿಯುವುದನ್ನು ಅವಳು ಅರೆತೆರೆದ ಕಣ್ಣಿನಿಂದ ನೋಡಿದಳು. ರಕ್ತದ ಹನಿ ಮೂಡಿತು. ನೋವಾಗುತ್ತದೆಂದು ಹಲ್ಲು ಕಚ್ಚಿ ಕಾದಳು. ಆಗಲಿಲ್ಲ. ಅತ್ತೆ ಸೆರಗಿನಿಂದ ದಬ್ಬಳವನ್ನು ಒರೆಸಿದರು. ಆ ಸೆರಗಿನ ತುದಿ ತಮ್ಮ ಮೈಗೆ ತಾಗದಂತೆ ದೂರ ಹಿಡಿದುಕೊಂಡು ಹಿತ್ತಲಿಗೆ ಹೋದರು. ನೀಲಾಂಬಿಕೆ ಕೂಗಿಕೊಳ್ಳಬಹುದಿತ್ತು. ಆದರೆ ಏನೆಂದು ಕೂಗುವುದು?

ಮರುದಿನದಿಂದ ಅವಳ ಊಟಕ್ಕೆ ಒಂದು ಅಲ್ಯೂಮಿನಿಯಂ ತಟ್ಟೆ ಬೇರೆಯಾಗಿ ಬಂತು. ಮಗು ಅತ್ತೆಯ ಮಡಿಲು ಸೇರಿತು. "ನಿನ್ ಹಾಲು ಇನ್ ಬ್ಯಾಡ. ಹಸಿನ ಹಾಲು ಕುಡುದ್ರೆ ಸಾಕು," ಎಂದರು ಪಾರ್ವತಮ್ಮ. ಕುಷ್ಠ ಎಂಬ ಮಾತನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. ನೀರು ತರುವ ಹೆಂಗಸು ಮಾತ್ರ ಬರುವುದನ್ನು ನಿಲ್ಲಿಸಿದಳು. ಗಂಡ ಪಾಲಾಕ್ಷ ಅಂಗಡಿಯಲ್ಲೇ ಮಲಗತೊಡಗಿದ. ಅವನು ಕೆಟ್ಟವನಲ್ಲ. ತಾಯಿಯ ಎದುರು ತುಟಿ ಬಿಚ್ಚಿ ಅಭ್ಯಾಸವಿಲ್ಲದವನು.

ಮಗುವಿಗೆ ನಾಲ್ಕು ತಿಂಗಳಾದಾಗ ಅವನೇ ಬಂದು, "ಒಸಿ ದಿನ ನಿಮ್ಮಪ್ಪಯ್ಯನ ಮನೇಲಿರು. ಗಾಡಿ ಕಟ್ತೀನಿ," ಎಂದ.

"ಮಗು?"

"ಬಿಸಿಲು. ಮೊಗ ಇಲ್ಲೇ ಇರ್ಲಿ."

ತಂದೆ ಪಂಚಾಕ್ಷರಯ್ಯ ಹೊಳೆನರಸೀಪುರದಲ್ಲಿ ಮನೆಯ ಜಗಲಿಯ ಮೇಲೆ ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದರು. ಅಪ್ಪಯ್ಯನ ಮುಖ ನೋಡಿದರೆ ಎಲ್ಲ ಹೇಳಿಕೊಳ್ಳಬಹುದೆಂದು ನೀಲಾಂಬಿಕೆ ಕಮಾನುಗಾಡಿ ಹತ್ತಿದಳು. ಚನ್ನರಾಯಪಟ್ಟಣ ಸಮೀಪಿಸುವ ಹೊತ್ತಿಗೆ ಎದೆಯಲ್ಲಿ ಇನ್ನೂ ಬತ್ತಿರದ ಹಾಲು ಕಟ್ಟಿ ಕುಪ್ಪಸ ನೆನೆದಿತ್ತು. ಒರೆಸಿಕೊಳ್ಳಲು ಬಟ್ಟೆ ಬೇಕಾಗಿ ಅತ್ತೆ ಕಟ್ಟಿಕೊಟ್ಟಿದ್ದ ಗಂಟು ಬಿಚ್ಚಿದಳು. ಅವಳ ಎಲ್ಲ ಸೀರೆಗಳೂ ಅದರಲ್ಲಿದ್ದವು. ಅಡಿಯಲ್ಲಿ ಅಲ್ಯೂಮಿನಿಯಂ ತಟ್ಟೆ ಇತ್ತು.

ತವರಿಗೆ ಹೋಗುವವಳಿಗೆ ತಟ್ಟೆ ಯಾಕೆ?

ಪಟ್ಟಣ ದಾಟಿದ ಮೇಲೆ ಗಾಡಿ ಹೊಳೆನರಸೀಪುರದ ದಾರಿ ಹಿಡಿಯಲಿಲ್ಲ. ಬಲಕ್ಕೆ ತಿರುಗಿ ಹಾಸನದ ರಸ್ತೆಗೆ ಇಳಿಯಿತು. ಇಳಿಬಿಸಿಲು ನೇರವಾಗಿ ಮುಖಕ್ಕೆ ಬೀಳುತ್ತಿತ್ತು.

"ಎಲ್ಲಿಗೆ ಕರ್ಕೊಂಡ್ ಹೋಗ್ತಿದೀರಿ?"

ಪಾಲಾಕ್ಷ ಎತ್ತುಗಳ ಬೆನ್ನನ್ನೇ ನೋಡುತ್ತಿದ್ದ. "ಹಾಸನದಾಚೆ ಒಂದ್ ಜಾಗ ಐತಂತೆ. ಅಂಥೋರ್‍ನ ಇಟ್ಕೊಂಡು ನೋಡ್ಕೋತಾರಂತೆ. ಅವ್ವ ಹೇಳದ್ರು," ಎಂದ.

ಅವಳು ಅಳಲಿಲ್ಲ. ಇಳಿದು ಓಡಲು ಆ ಕಾಲಿನಿಂದ ಆಗುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. "ಬಿಡೋದಿದ್ರೆ ಬಿಡಿ," ಎಂದಳು. "ಮೊದಲು ಡಾಕ್ಟ್ರಿಗೆ ತೋರ್‍ಸಿ. ಅವ್ರು ಹೌದು ಅಂದ್ರೆ ನಾನೇ ಒಳಕ್ಕೆ ನಡ್ಕೊಂಡ್ ಹೋಗ್ತೀನಿ."

ಮಾರನೆಯ ದಿನ ಹಾಸನದ ಆಸ್ಪತ್ರೆಯೊಂದರಲ್ಲಿ ವಯಸ್ಸಾದ ಲೇಡಿ ಡಾಕ್ಟರು ಅವಳ ಮೈಯನ್ನೆಲ್ಲ ಬೆಳಕಿಗೆ ತಿರುಗಿಸಿ ನೋಡಿದರು. ಕಿವಿಯ ಹಿಂದೆ, ಮೊಣಕೈಯ ಸಂದಿಯಲ್ಲಿ ನರಗಳನ್ನು ಬೆರಳಿನಿಂದ ಒತ್ತಿ ನೋಡಿದರು. ಹತ್ತಿಯಿಂದ ಪಾದ ಸವರಿದರು.

"ಹೆರಿಗೆ ಎಷ್ಟು ಹೊತ್ತು ಹಿಡೀತು?"

"ಮೂರು ದಿನ."

"ಮಗುವಿನ ತಲೆ ಒತ್ತಿ ನರ ಕೆಟ್ಟಿದೆ. ಕುಷ್ಠ ಅಲ್ಲ. ಯಾರಿಗೂ ಅಂಟೋದೂ ಇಲ್ಲ." ಕಾಲು ಸರಿಹೋಗುತ್ತದೆಯೇ ಎಂದು ಪಾಲಾಕ್ಷ ಕೇಳಿದ. "ಹೋಗಬಹುದು, ಹೋಗದೇನೂ ಇರಬಹುದು. ದಿನಾ ನಡೀಬೇಕು, ಕೂತರೆ ಕಾಲು ಒಣಗುತ್ತೆ." ಮೆಟ್ಟಿನ ಮುಂದಿನಿಂದ ಮಂಡಿಯ ಕೆಳಗಿನವರೆಗೆ ಚರ್ಮದ ಪಟ್ಟಿ ಹೊಲಿಸಿ ಕಟ್ಟಿದರೆ ಪಾದ ಜೋತುಬೀಳದು ಎಂದು ಚಿತ್ರ ಬರೆದು ತೋರಿಸಿದರು. ಅದರ ಜೊತೆಗೆ ಇಂಗ್ಲಿಷಿನಲ್ಲಿ ಒಂದು ಕಾಗದವನ್ನೂ ಕೊಟ್ಟರು.

ಗಾಡಿ ಬಾಗೂರಿಗೆ ತಿರುಗಿತು. ದಾರಿಯುದ್ದಕ್ಕೂ ನೀಲಾಂಬಿಕೆ ಆ ಕಾಗದವನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಹತ್ತಿರವಾದಷ್ಟೂ ಪಾಲಾಕ್ಷನ ಬೆನ್ನು ಬಾಗುತ್ತ ಬಂತು.

ಪಾರ್ವತಮ್ಮ ಮಗುವನ್ನೆತ್ತಿಕೊಂಡು ಬಾಗಿಲಿಗೆ ಅಡ್ಡ ನಿಂತರು. ಬೀದಿಯ ಜನ ಕೂಡಿದರು. ಕಾಗದವನ್ನು ಓದಬಲ್ಲವರು ಅಲ್ಲಿ ಯಾರೂ ಇರಲಿಲ್ಲ.

"ಡಾಕ್ಟ್ರು ಏನಂದ್ರು ಅಂತ ನೀವೇ ಹೇಳಿ," ಎಂದಳು ನೀಲಾಂಬಿಕೆ ಗಂಡನಿಗೆ.

ಪಾಲಾಕ್ಷ ತಾಯಿಯ ಮುಖ ನೋಡಿದ. "ಏನೋ ಅಂದ್ರು... ಇಂಗ್ಲಿಷ್‍ನಾಗೆ... ನಂಗೆ ಸರಿಯಾಗಿ ತಿಳೀಲಿಲ್ಲ."

ಡಾಕ್ಟರು ಮಾತಾಡಿದ್ದು ಕನ್ನಡದಲ್ಲಿ.

ಅವಳು ಅವನತ್ತ ಮತ್ತೆ ತಿರುಗಲಿಲ್ಲ. ಮಂಡಿ ಎತ್ತಿ, ಪಟ್ ಪಟ್ ಎಂದು ಕಲ್ಲುಚಪ್ಪಡಿ ಬಡಿಯುತ್ತ ಮೆಟ್ಟಿಲು ಹತ್ತಿದಳು. ಜನ ಹಿಂದೆ ಸರಿದರು. ಅವಳ ಕೈ ಹತ್ತಿರ ಬರುತ್ತಲೇ ಪಾರ್ವತಮ್ಮ ಕಿಟ್ಟನೆ ಕಿರುಚಿ ಮಗುವನ್ನು ಬಿಟ್ಟರು. ನೀಲಾಂಬಿಕೆ ಅದನ್ನು ಎದೆಗೆ ಅವಚಿ ಹಿಡಿದಳು. ತಡೆಯಬೇಕಾದವರೆಲ್ಲ ಅಲ್ಲೇ ಇದ್ದರು. ಆದರೆ ಅವಳನ್ನು ಮುಟ್ಟುವ ಧೈರ್ಯ ಒಬ್ಬರಿಗೂ ಇರಲಿಲ್ಲ.

ಎಡವಿದರೆ ಮಗು ಅಡಿಗಾಗುತ್ತದೆಂದು ಒಂದೊಂದೇ ಹೆಜ್ಜೆ ನೋಡಿ ಇಡುತ್ತ ಸುಬ್ಬಮ್ಮನ ಗುಡಿಸಲು ತಲುಪಿದಳು. ಅಲ್ಲಿಂದ ಸಂತೆಯ ಗಾಡಿಯಲ್ಲಿ ಚನ್ನರಾಯಪಟ್ಟಣಕ್ಕೆ, ಬಸ್ಸಿನಲ್ಲಿ ಹೊಳೆನರಸೀಪುರಕ್ಕೆ ಹೋದಳು. ಪಂಚಾಕ್ಷರಯ್ಯ ಕಾಗದ ಓದಿಸಿ ಕೇಳಿ, "ನನ್ ಮನೇಲಿ ನಿಂಗೆ ಬೇರೆ ತಟ್ಟೆ ಇಲ್ಲ, ಮಗಳೇ," ಎಂದರು. ಪಟ್ಟಿಯನ್ನೂ ಅವರೇ ಹೊಲಿಸಿಕೊಟ್ಟರು.

ಕುಷ್ಠವೆಂಬ ಸುದ್ದಿ ಬಾಗೂರಿನ ಕೊಬ್ಬರಿ ಗಾಡಿಗಳ ಜೊತೆ ಬಂತು. ಜಗಲಿಯ ಮೇಲೆ ಇಪ್ಪತ್ತು ಮಕ್ಕಳು ಕೂರುತ್ತಿದ್ದಲ್ಲಿ ಹತ್ತು ಮಂದಿಯಾದರು, ಆಮೇಲೆ ನಾಲ್ವರಾದರು. ಪಾಲಾಕ್ಷ ಅರಕಲಗೂಡಿನ ಹುಡುಗಿಯನ್ನು ಮದುವೆಯಾದನೆಂದೂ ಕೇಳಿಬಂತು. ನೀಲಾಂಬಿಕೆ ಮೆಟ್ಟಿನ ಪಟ್ಟಿ ಕಟ್ಟಿಕೊಂಡು ಅಂಗಳದಲ್ಲಿ ದಿನವೂ ನಡೆಯುತ್ತಿದ್ದಳು; ಮನೆಯೊಳಗೆ ಬರಿಗಾಲಿನಲ್ಲಿ ಅದೇ ಪಟ್ ಪಟ್. ಹೆಬ್ಬೆರಳು ಒಂದಿಷ್ಟು ಅಲುಗತೊಡಗಿತ್ತು.

ಮಗು ನಡೆಯಲು ಕಲಿತದ್ದು ಆಗಲೇ. ಒಂದು ಸಂಜೆ ಅದು ಗೋಡೆ ಬಿಟ್ಟು ನಾಲ್ಕು ಹೆಜ್ಜೆ ಹಾಕಿತು. ಎಡಗಾಲು ಮೆತ್ತಗೆ. ಬಲಗಾಲು ಮಾತ್ರ ಮಂಡಿ ಎತ್ತರಕ್ಕೆ ಎತ್ತಿ, ಪಟ್ ಎಂದು. ಮಗು ಕೇಕೆ ಹಾಕಿ ನಗುತ್ತಿತ್ತು. ಪಕ್ಕದ ಮನೆಯ ರೇವಮ್ಮ ಮೋಟುಗೋಡೆಯ ಆಚೆಯಿಂದ ನೋಡಿದಳು. ಅವಳ ಕೈಯಲ್ಲಿದ್ದ ಬಿಂದಿಗೆ ಅಲ್ಲೇ ನಿಂತಿತು.

"ಕೂಸಿಗೂ ಬಂದ್ಬುಡ್ತಾ?" ಎಂದಳು ಮೆಲ್ಲಗೆ, ತನಗೆ ತಾನೇ.

ಮಗು ಕಲಿಯುತ್ತಿರುವುದು ತನ್ನನ್ನು ನೋಡಿ ಎಂದು ಆ ದಿನದಿಂದ ನೀಲಾಂಬಿಕೆ ಮಗಳ ಕಣ್ಣೆದುರು ಎದ್ದು ನಡೆಯಲಿಲ್ಲ. ಮಗು ಎಚ್ಚರವಿದ್ದಷ್ಟು ಹೊತ್ತೂ ಒಳಕೋಣೆಯಲ್ಲಿ ಕೂತಲ್ಲೇ ಕೂತಳು. ಏನು ಬೇಕಾದರೂ ತೆವಳಿ ತಂದುಕೊಂಡಳು; ಸದ್ದಿಗೆ ಎದ್ದು ನೋಡೀತೆಂದು ಮಗು ಮಲಗಿದಾಗಲೂ ನಡೆಯಲಿಲ್ಲ. ಪಂಚಾಕ್ಷರಯ್ಯ ಮೊಮ್ಮಗಳ ಕೈ ಹಿಡಿದು ಬೀದಿಯ ಉದ್ದಕ್ಕೂ ನಡೆಸುತ್ತಿದ್ದರು. ನಡೆಯದೆ ಕಾಲು ಒಣಗುತ್ತದೆಂದು ಅವರು ಬೈದರು, ಬೇಡಿಕೊಂಡರು. ಅವಳು ಕೇಳಲಿಲ್ಲ. ಮೂರು ತಿಂಗಳಲ್ಲಿ ಮಗು ಎಲ್ಲ ಮಕ್ಕಳ ಹಾಗೆ ನಡೆಯಿತು. ಅಷ್ಟರಲ್ಲಿ ಅವಳ ಮೀನಖಂಡ ಬತ್ತಿ ಕೋಲಾಗಿತ್ತು. ಅಲುಗುತ್ತಿದ್ದ ಹೆಬ್ಬೆರಳು ನಿಂತುಹೋಗಿತ್ತು.

ಆದರೂ ದಿನಾ ಸಂಜೆ ಮಗು ಆಡುವ ಹೊತ್ತಿಗೆ ರೇವಮ್ಮ ಮೋಟುಗೋಡೆಯ ಹತ್ತಿರ ಬಂದು ನಿಲ್ಲುತ್ತಿದ್ದಳು. ಒಂದೊಂದು ದಿನ ಅವಳ ಜೊತೆ ಇನ್ನೂ ಇಬ್ಬರು ಇರುತ್ತಿದ್ದರು. ನೀಲಾಂಬಿಕೆ ಒಳಕೋಣೆಯ ಕಿಟಕಿಯಲ್ಲಿ ಕೂತು ಅವರ ಕಣ್ಣು ಮಗಳ ಪಾದಗಳ ಹಿಂದೆ ಅತ್ತಿಂದಿತ್ತ ಹರಿಯುವುದನ್ನು ನೋಡುತ್ತಿದ್ದಳು.