ಐತವಾರದ ಬಂದೂಕು

ಗಂಡ ಐತವಾರ ಹಾಕಿದ್ದ ಅಂಗಿ ಒಗೆಯುವಾಗಲೇ ಗುರುಲಿಂಗಮ್ಮನಿಗೆ ಮೊದಲು ಅನುಮಾನ ಬಂದದ್ದು. ಮೊಣಕೈಗಳ ಬಟ್ಟೆ ಸವೆದು ಹರಿದಿತ್ತು, ಎದೆಯ ಮೇಲೆಲ್ಲ ಕಲ್ಲಿನ ಪುಡಿ, ಮೂಗಿಗೆ ಹಿಡಿದರೆ ಮದ್ದಿನ ವಾಸನೆ. ನಾಗೇಂದ್ರಪ್ಪ ಶಹಾಬಾದಿನಲ್ಲಿ ಫರ್ಸಿ ಹಾಸುಗಲ್ಲಿನ ವ್ಯಾಪಾರಿ. ನೆಲಕ್ಕೆ ಎದೆ ಹಚ್ಚಿ ಮಾಡುವ ಕೆಲಸ ಅವನದಲ್ಲ.

“ಖಣ್ಯಾಗ ಮದ್ದು ಹಾರಿಸಿದ್ರು, ಅಲ್ಲೇ ನಿಂತಿದ್ದೆ,” ಅಂದ ಕೇಳಿದ್ದಕ್ಕೆ.

ಐತವಾರ ಖಣಿಗೆ ಸೂಟಿ ಎಂಬುದು ಅವಳಿಗೆ ಗೊತ್ತಿರಲಿಲ್ಲವೇ? ಅಂಗಿಯನ್ನು ಮತ್ತೆ ಒಗೆಯುವ ಕಲ್ಲಿಗೆ ಹಾಕಿದಳು. ಅವಳ ಅನುಮಾನಕ್ಕೆ ಬೇರೆಯೇ ಕಾರಣವಿತ್ತು.

ಪೊಲೀಸ್ ಆ್ಯಕ್ಷನ್ನಿಗೆ ಮುಂಚಿನ ಗದ್ದಲದಲ್ಲಿ, ಹಿತ್ತಲಿನಲ್ಲಿ ಕಾಳು ತುಂಬುವ ಹಗೇವಿನ ಗುಂಡಿಯಲ್ಲಿ ಅಡಗಿದ್ದ ಅವಳ ಮೈದುನನನ್ನು ನಿಜಾಮನ ಕಡೆಯವರು ಎಳೆದೊಯ್ದು ಕೊಂದಿದ್ದರು. ಜಾಗ ತೋರಿಸಿಕೊಟ್ಟವನು ನೆರೆಮನೆಯ ರೇವಣಪ್ಪ ಎಂದು ಊರು ಮಾತಾಡಿತು. ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ರೇವಣಪ್ಪ ರಾತ್ರೋರಾತ್ರಿ ಊರು ಬಿಟ್ಟ. ತಮ್ಮನ ಹೆಣ ಮುಟ್ಟಿ ನಾಗೇಂದ್ರಪ್ಪ, “ಅವ ಸಿಕ್ರ ಜೀವಸಹಿತ ಬಿಡಂಗಿಲ್ಲ,” ಅಂದಿದ್ದ. ಈಗ ಐದು ವರ್ಷಗಳ ಮೇಲೆ ಅದೇ ರೇವಣಪ್ಪ ವಾಡಿ ಸ್ಟೇಶನ್ ಹತ್ತಿರ ಕಿರಾಣಿ ಅಂಗಡಿ ಇಟ್ಟಿದ್ದಾನೆಂಬ ಸುದ್ದಿ ಬಂದಿತ್ತು. ಆ ಸುದ್ದಿ ಬಂದಾಗಿನಿಂದಲೇ ಗಂಡ ಐತವಾರ ಮನೆಯಲ್ಲಿ ನಿಲ್ಲುತ್ತಿರಲಿಲ್ಲ.

ಮುಂದಿನ ಐತವಾರ ಅವಳು ತಲೆ ತುಂಬ ಸೆರಗು ಹೊದ್ದು ಅವನ ಬೆನ್ನು ಹತ್ತಿದಳು. ಅವನು ಕೆಲಸ ನಿಂತುಹೋದ ಹಳೆಯ ಖಣಿಗೆ ಇಳಿದ. ಕೆಳಗೆ ಊರಿನ ಸಿಮೆಂಟ್ ಕಾರ್ಖಾನೆಯ ಇಬ್ಬರು ಗುಮಾಸ್ತರು, ಜೊತೆಗೆ ನಿಜಾಮನ ಫೌಜಿನಿಂದ ರಿಟೈರಾದ ಹವಾಲ್ದಾರ ಶೌಕತ ಅಲಿ. ದೂರದ ಕಲ್ಲುಗೋಡೆಗೆ ಒಂದು ಕಾಗದ, ಕಾಗದದ ನಡುವೆ ಕರಿ ಚುಕ್ಕೆ.

ನಾಗೇಂದ್ರಪ್ಪ ಗೋಣಿಚೀಲದ ಮೇಲೆ ಬೋರಲು ಮಲಗಿ ಬಂದೂಕು ಗಲ್ಲಕ್ಕೆ ಹಚ್ಚಿದ. ಕೆರಳಿದ ನಾಯಿಯಂತೆ ಮನೆ ತುಂಬ ಅಡ್ಡಾಡುವ ಆ ಮನುಷ್ಯ ಅಲ್ಲಿ ಕಲ್ಲಿನೊಳಗೊಂದು ಕಲ್ಲಾಗಿದ್ದ. ನೊಣ ಕಿವಿಯ ಮೇಲೆ ಕೂತರೂ ಅಲುಗಲಿಲ್ಲ. ಉಸಿರು ಬಿಟ್ಟ, ಅರ್ಧಕ್ಕೆ ತಡೆದ, ಢಂ ಎಂದಿತು. ಖಣಿಯ ಅಂಚಿನಲ್ಲಿ ನಿಂತಿದ್ದ ಗುರುಲಿಂಗಮ್ಮ ಕಿವಿ ಮುಚ್ಚಿಕೊಂಡಳು.

ಶೌಕತ ಅಲಿ ಅವಳನ್ನು ಕಂಡ. “ಬರ್ರಿ ಅಕ್ಕ, ಅಂಜಬ್ಯಾಡ್ರಿ. ಲೈಸೆನ್ಸ್ ಅದ.”

“ಯಾರಿಗಿ ಹೊಡೀಲಿಕ್ಕ ಕಲಸ್ಲಿಕತ್ತೀರಿ ಇವರಿಗಿ?”

“ಕಾಗದಕ್ಕ, ಅಕ್ಕ. ಬರೇ ಕಾಗದಕ್ಕ.”

ನಾಗೇಂದ್ರಪ್ಪ ಹೆಂಡತಿಯ ಮುಖ ನೋಡಲಿಲ್ಲ. ಬಂದೂಕು ಒರೆಸಿ ಮನೆಯ ದಾರಿ ಹಿಡಿದ. ಯಾವ ಗಂಡಸು ಬರೀ ಕಾಗದಕ್ಕಾಗಿ ಬಿಸಿಲಿನಲ್ಲಿ ಹೊಟ್ಟೆ ಸುಟ್ಟುಕೊಳ್ಳುತ್ತಾನೆ ಎಂದುಕೊಳ್ಳುತ್ತ ಅವಳು ಹಿಂದೆ ನಡೆದಳು.

ಖಣಿಯ ಸುದ್ದಿ ವಾಡಿಗೂ ಮುಟ್ಟಿತ್ತು. ಒಂದು ಸಂಜೆ ರೇವಣಪ್ಪನೇ ಬಂದು ಹೊಸ್ತಿಲ ಹೊರಗೆ ನಿಂತ. ತಲೆ ಪೂರಾ ನರೆತಿತ್ತು. ಗುರುಲಿಂಗಮ್ಮ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟಳು.

“ಅಣ್ಣಾ, ನನ್ನ ಸಲುವಾಗಿ ಬಂದೂಕು ಕಲೀಲಿಕತ್ತೀರಂತ ಮಂದಿ ಅಂತಾರ. ಹೊಡಿಯೂದಿದ್ರ ಈಗೇ ಹೊಡದುಬಿಡ್ರಿ. ದಿನಾ ಅಂಜಿ ಸಾಯಲಿಕ್ಕ ನನ್ನ ಕೈಲಾಗಂಗಿಲ್ಲ.”

ನಾಗೇಂದ್ರಪ್ಪ ಕೂತಲ್ಲಿಂದ ಏಳಲಿಲ್ಲ. “ಮೊದಲ ನಿನ್ನ ಸಲುವಾಗೇ ಹೋಗಿದ್ದೆ.”

“ಈಗ?”

“ಮೊದಮೊದಲ ಆ ಚುಕ್ಕೆಯೊಳಗ ನಿನ್ನ ಮಾರಿ ಇರ್ತಿತ್ತು, ಇವೇ ಕಣ್ಣು ಮೂಗು. ಒಂದೂ ಗುಂಡು ಹತ್ತಲಿಲ್ಲ. ಕೈ ನಡಗತಿತ್ತು. ಹವಾಲ್ದಾರರು, ಸಿಟ್ಟು ಮನ್ಯಾಗ ಇಟ್ಟು ಬರ್ರಿ ಅಂದ್ರು. ಇಟ್ಟು ಹೋದೆ. ಈಗ ಚುಕ್ಕೆಯ ನಟ್ಟನಡುವ ಬೀಳಲಿಕತ್ಯಾವ. ಇನ್ನೂ ಎರಡು-ಮೂರು ಹೊರಗ ಹೋಗ್ತಾವ. ರೊಟ್ಟಿ ತಿನ್ನೂ ಮುಂದನೂ ಅದೇ ಚಿಂತಿ.”

“ಹಗೇವು ನಾ ತೋರ್ಸಿಲ್ರಿ ಅಣ್ಣಾ. ಲಿಂಗದ ಆಣಿ.”

“ನಾ ಕೇಳ್ಲಿಲ್ಲ. ಹೋಗು.”

ರೇವಣಪ್ಪ ಬೆನ್ನು ತಿರುಗಿಸದೆ ಹಿಂದಕ್ಕೆ ಹೆಜ್ಜೆ ಇಡುತ್ತಲೇ ಅಂಗಳ ದಾಟಿದ.

“ಖರೇ ಹೇಳಿದ್ರೇನು ಅವನಿಗಿ?” ಗುರುಲಿಂಗಮ್ಮ ಕೇಳಿದಳು.

“ಅಲ್ಲಿ ಮಲಗಿದಾಗ ಖರೇ. ಮನೀಗಿ ಬಂದ್ರ ಸಿಟ್ಟು ಇಟ್ಟ ಜಾಗದಾಗೇ ಇರ್ತದ. ಅದಕ್ಕೇ ಮತ್ತ ಯಾವಾಗ ಐತವಾರ ಬರ್ತದಂತ ಕಾಯ್ತೀನಿ.”

ಅವಳಿಗೆ ಅರ್ಧ ನಂಬಿಕೆ ಬಂತು. ಉಳಿದರ್ಧಕ್ಕಾಗಿ ಮುಂದಿನ ಐತವಾರ ರೊಟ್ಟಿ ಕಟ್ಟಿಕೊಂಡು ಜೊತೆಗೆ ಹೋದಳು. ಗುಂಡುಗಳು ಮುಗಿದು ಶೌಕತ ಅಲಿ ಕೈಯೆತ್ತಿದ ಮೇಲೆ ತಾನೇ ನಡೆದು ಹೋಗಿ ಗೋಡೆಯ ಕಾಗದ ಕಿತ್ತು ತಂದಳು. ಬಿಸಿಲಿಗೆ ಹಿಡಿದು ಹಿಂದೆ ಮುಂದೆ ನೋಡಿದಳು. ಚುಕ್ಕೆಯಿತ್ತು, ತೂತುಗಳಿದ್ದವು, ತೂತುಗಳಿಂದ ಬೆಳಕು ಬರುತ್ತಿತ್ತು. ಯಾರ ಮಾರಿಯೂ ಇರಲಿಲ್ಲ.

“ಎಷ್ಟು ಹೊರಗ ಹೋಗ್ಯಾವ?” ನಾಗೇಂದ್ರಪ್ಪ ಮಲಗಿದಲ್ಲಿಂದಲೇ ಕೂಗಿದ.

“ಒಂದೇ,” ಅಂದಳು.