ಎಡಕ್ಕೆ ಎಳೆಯುವ ಗಾಡಿ

"ಒತ್ತು!" ಮುಂಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ ನೆಸ್ಟರ್ ಕೂಗಿದ. ಗಾಡಿಯೊಳಗೆ ಸ್ಟೀರಿಂಗ್ ಮುಂದೆ ಕೂತಿದ್ದ ಹೆಂಡತಿ ಸ್ಟೆಫಾ ಬ್ರೇಕ್ ಒತ್ತಿದಳು. ಸ್ಟ್ಯಾಂಡುಗಳ ಮೇಲೆ ಎತ್ತಿ ನಿಲ್ಲಿಸಿದ್ದ ಗಾಡಿಯ ಬಲಚಕ್ರ ತಿರುಗುತ್ತಿದ್ದದ್ದು ಗಕ್ಕನೆ ನಿಂತಿತು.

"ಬಿಡು!" ಕೈಯಿಂದ ತಳ್ಳಿದರೆ ಚಕ್ರ ಮತ್ತೆ ಸಲೀಸಾಗಿ ತಿರುಗಿತು. ಅಂದರೆ ಬ್ರೇಕಿನ ಪೈಪು ಕಟ್ಟಿಕೊಂಡಿಲ್ಲ. ಅದಾದರೂ ಕಟ್ಟಿಕೊಂಡಿರಬಾರದಿತ್ತೇ ಎಂದು ನೆಸ್ಟರನಿಗೆ ಸಂಕಟವಾಯಿತು.

"ಇನ್ನೂ ಎಷ್ಟು ಹೊತ್ತು ಮೇಷ್ಟ್ರೇ?" ಸ್ಟೆಫಾ ಕಿಟಕಿಯಿಂದ ಕೇಳಿದಳು. "ಓಡ್ಸೋಕೆ ಲಾಯಕ್ಕಿಲ್ಲ, ಬ್ರೇಕ್ ಒತ್ತೋಕೆ ಮಾತ್ರ ನಾನು ಬೇಕು, ಅಲ್ವಾ?"

ನೆಸ್ಟರ್ ಚಕ್ರದ ನಟ್ಟುಗಳಿಗೆ ಪಾನಾ ಹಾಕಿದ. ಮ್ಯಾನಿಟೋಬಾ ಪ್ರಾಂತ್ಯದ ಆ ಬಯಲುಸೀಮೆಯ ಊರಲ್ಲಿ ಇಪ್ಪತ್ತೆಂಟು ವರ್ಷ ಹುಡುಗರಿಗೆ ಮೋಟಾರು ರಿಪೇರಿ ಕಲಿಸಿದವನು ಅವನು. ಊರಿಗೆಲ್ಲ ಮೇಷ್ಟ್ರು. ಸಿಟ್ಟು ಬಂದಾಗ ಹೆಂಡತಿಗೂ ಮೇಷ್ಟ್ರೇ.

ಸಿಟ್ಟಿಗೆ ಕಾರಣವಿತ್ತು. ಮೂರು ವಾರದ ಹಿಂದೆ ಒಂದು ಗುರುವಾರ, ಚರ್ಚಿನ ನೆಲಮಾಳಿಗೆಯಲ್ಲಿ ಪೆರೋಗಿ ಕಡುಬು ಮಡಿಸಲು ಹೊರಟಿದ್ದ ಸ್ಟೆಫಾ ಗಾಡಿಯನ್ನು ಒಯ್ದು ಚರ್ಚಿನ ಬೋರ್ಡಿನ ಕಂಬಕ್ಕೆ ಗುದ್ದಿದ್ದಳು. "ನಾಯಿ ಅಡ್ಡ ಬಂತು, ಬ್ರೇಕ್ ಹೊಡೆದೆ, ಗಾಡಿ ತಾನೇ ಎಡಕ್ಕೆ ಎಳೀತು" ಎಂದಳು. ಹಿಟ್ಟುಗೈಯಲ್ಲಿ ಹೊರಗೋಡಿ ಬಂದ ಹನ್ನೊಂದು ಜನ ಹೆಂಗಸರ ಎದುರಿಗೆ, ಸುದ್ದಿ ಕೇಳಿ ಬಂದ ನೆಸ್ಟರ್ ನಕ್ಕುಬಿಟ್ಟ. "ಗಾಡಿ ಎಳೀಲಿಲ್ಲ ಕಣೇ, ವಯಸ್ಸು ಎಳೀತು!" ಹೆಂಗಸರೂ ನಕ್ಕರು. ಗಾಡಿಯನ್ನು ಊರೊಳಗೆ ಆಮೆನಡಿಗೆಯಲ್ಲಿ ಮನೆಗೆ ಓಡಿಸಿಕೊಂಡು ಬಂದವನಿಗೆ ಏನೂ ದೋಷ ಕಾಣಲಿಲ್ಲ. ಅವತ್ತೇ ಗಾಡಿಯ ಬೀಗದಕೈ ತನ್ನ ಜೇಬಿಗಿಳಿಸಿದ. ಗಾಡಿ ಮಾರಾಟಕ್ಕಿದೆ ಎಂದು ಊರಂಗಡಿಯ ನೋಟೀಸು ಹಲಗೆಯ ಮೇಲೆ ಚೀಟಿ ಅಂಟಿಸಿ ಬಂದ. ಸ್ಟೆಫಾ ಎರಡು ದಿನ ಜಗಳವಾಡಿದಳು, ಮೂರನೆಯ ದಿನ ತಾನಾಗಿಯೇ ಸುಮ್ಮನಾದಳು.

ಇವತ್ತು ಬೆಳಿಗ್ಗೆ ಹಳೇ ಶಿಷ್ಯ ಡ್ವೇನ್ ಕೊಳ್ಳಲು ಬಂದಿದ್ದ. ಹೈವೇಗೆ ಒಂದು ಸುತ್ತು ಹೋಗಿ ಬಂದವನು ಗೇಟಿನ ಹತ್ತಿರವೇ, "ಮೇಷ್ಟ್ರೇ, ಜೋರಾಗಿ ಬ್ರೇಕ್ ಹೊಡೆದ್ರೆ ಎಡಕ್ಕೆ ಎಳೀತದೆ. ಏನಂತ ನೋಡಿಡಿ, ನಾಲ್ಕಕ್ಕೆ ಬರ್ತೀನಿ" ಎಂದು ಹೋದ. ಸ್ಟೆಫಾ ಆಗ ಮನೆಯೊಳಗಿದ್ದಳು. ಅವಳಿಗೆ ನೆಸ್ಟರ್ ಹೇಳಿದ್ದು, ಮಾರೋ ಮುಂಚೆ ಸುಮ್ಮನೆ ಒಂದು ಸಲ ನೋಡ್ತೀನಿ ಎಂದಷ್ಟೇ.

ಅಲ್ಲಿಂದ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಟೈರಿನ ಗಾಳಿ ನೋಡಿದ, ಸರಿಯಿತ್ತು. ಈಗ ಚಕ್ರ ಕಳಚಿ ಬಲಗಡೆಯ ಬ್ರೇಕ್ ಡ್ರಮ್ ಎಳೆದ. ಒಳಮೈ ಕಾದು ನೀಲಿಗಟ್ಟಿತ್ತು, ಉಗುರು ಸಿಕ್ಕುವಷ್ಟು ಆಳದ ಗೀರುಗಳು. ಡ್ರಮ್ಮಿಗೆ ಒಳಗಿನಿಂದ ಒತ್ತಿಕೊಳ್ಳುವ ಎರಡು ಬ್ರೇಕ್ ಶೂಗಳಲ್ಲಿ ಹಿಂಬದಿಯದರ ಲೈನಿಂಗ್ ಪಟ್ಟಿ ಸವೆದು ಕಬ್ಬಿಣ ಮುಟ್ಟುವುದೊಂದು ಬಾಕಿ. ಓಡಿ ಹೋಗಿ ಎಡಗಡೆಯದನ್ನು ಬಿಚ್ಚಿದ. ಅದು ಹೊಸದರ ಹಾಗೇ ಇತ್ತು. ಎಣ್ಣೆ ಸೋರಿದೆಯೇ? ಇಲ್ಲ. ಗ್ರೀಸು ಹತ್ತಿದೆಯೇ? ಅದೂ ಇಲ್ಲ. ಬೇರೆ ಏನಾದರೂ ತಪ್ಪು ಸಿಗಲಿ ದೇವರೇ ಎಂದು ಗಾಡಿಯನ್ನು ಎರಡು ಸುತ್ತು ಹಾಕಿದ.

ಕೊನೆಗೆ ಎರಡೂ ಚಕ್ರದ ಬ್ರೇಕ್ ಶೂಗಳನ್ನು ಬಿಚ್ಚಿ ನೆಲದ ಮೇಲಿಟ್ಟ. ಬಲಚಕ್ರದ್ದು ಎರಡೂ ಗಿಡ್ಡ ಲೈನಿಂಗಿನವು. ಎಡಚಕ್ರದ್ದು ಎರಡೂ ಉದ್ದದವು.

ಪ್ರತಿ ಚಕ್ರಕ್ಕೂ ಮುಂದೊಂದು ಗಿಡ್ಡದು, ಹಿಂದೊಂದು ಉದ್ದದು ಇರಬೇಕು. ಹೀಗೆ ಹಾಕಿದರೆ ಜೋರಾಗಿ ಬ್ರೇಕ್ ಹೊಡೆದಾಗ ಎಡಚಕ್ರವೇ ಹೆಚ್ಚು ಬಿಗಿ ಹಿಡಿದು ಗಾಡಿ ಎಡಕ್ಕೆ ಎಳೆಯುತ್ತದೆ. ಏಪ್ರಿಲಿನಲ್ಲಿ ಇವನ್ನು ಹಾಕಿದ್ದು ಅವನೇ. ರೇಡಿಯೋದಲ್ಲಿ ಐಸ್ ಹಾಕಿ ಮ್ಯಾಚಿನ ಕಾಮೆಂಟರಿ ಕೇಳುತ್ತ, ಎರಡೂ ಚಕ್ರ ಒಟ್ಟಿಗೆ ಬಿಚ್ಚಿಕೊಂಡು ಕೂತಿದ್ದ. "ಒಂದು ಚಕ್ರ ಮುಗಿಯೋ ತನಕ ಇನ್ನೊಂದನ್ನ ಮುಟ್ಬೇಡ್ರೋ ಕತ್ತೆಗಳಾ" ಎಂದು ಇಪ್ಪತ್ತೆಂಟು ವರ್ಷ ಗಂಟಲು ಹರಿದುಕೊಂಡವನು! ನೆಸ್ಟರನ ಕಿವಿ ಬಿಸಿಯಾಯಿತು. ಅಷ್ಟರಲ್ಲೇ ಇನ್ನೊಂದು ಯೋಚನೆಯೂ ಬಂತು, ಹಾಳಾದ್ದು. ಪೈಪು ಹಳೇದಾಗಿತ್ತು ಅಂದರೆ ಡ್ವೇನ್ ನಂಬುತ್ತಾನೆ. ಗಾಡಿ ಹೋಗುತ್ತದೆ, ಗಾಡಿಯ ಜೊತೆ ಈ ವಿಷಯವೂ ಹೋಗುತ್ತದೆ.

"ಏನಾಯ್ತು? ಸದ್ದೇ ಇಲ್ಲ?" ಸ್ಟೆಫಾ ಕೇಳಿದಳು.

"ಏನಿಲ್ಲ" ಎಂದ.

ಹೇಳಿದ್ದಕ್ಕಿಂತ ಅರ್ಧ ಗಂಟೆ ಮೊದಲೇ ಡ್ವೇನನ ಟ್ರಕ್ಕು ಬಂದು ನಿಂತಿತು. ಇಳಿಯುತ್ತಲೇ ಅವನು ಕೂಗಿದ: "ಏನ್ ಮೇಷ್ಟ್ರೇ, ಗೊತ್ತಾಯ್ತಾ? ಯಾಕೆ ಎಡಕ್ಕೆ ಎಳೀತಿತ್ತು?"

ಗಾಡಿಯೊಳಗೆ ಸ್ಟೆಫಾಳ ತಲೆ ಸರ್ರನೆ ಇತ್ತ ತಿರುಗಿತು. ಅವಳು ಡ್ವೇನನನ್ನು ನೋಡಲಿಲ್ಲ, ಗಂಡನನ್ನು ನೋಡಿದಳು. ಪೈಪು ಎನ್ನಲು ನೆಸ್ಟರ್ ಬಾಯಿ ತೆರೆದ. ಆ ಮುಖ ನೋಡಿಕೊಂಡು ಹೇಳಲಾಗಲಿಲ್ಲ.

"ಶೂ ಅದಲು ಬದಲು ಹಾಕಿದ್ದೆ" ಎಂದ. "ನಾನೇ. ಏಪ್ರಿಲಲ್ಲಿ."

"ನೀವಾ? ಅಯ್ಯಯ್ಯೋ! ಇದಕ್ಕೇ ಅಲ್ವಾ ನನ್ನನ್ನ ಒಂದಿಡೀ ದಿನ ಕ್ಲಾಸಿಂದ ಹೊರಗೆ ನಿಲ್ಸಿದ್ದು?" ಡ್ವೇನ್ ತೊಡೆ ತಟ್ಟಿಕೊಂಡು ನಕ್ಕ.

"ಹೌದು ಕಣಯ್ಯಾ. ಗಾಡಿ ಮಾರಲ್ಲ. ಹೋಗ್ಬಾ."

ಟ್ರಕ್ಕು ಹೋಯಿತು. ಸಂಜೆಯೊಳಗೆ ಊರಿಗೆಲ್ಲ ಸುದ್ದಿ, ಅದರಲ್ಲಿ ಅನುಮಾನವಿರಲಿಲ್ಲ. ಸ್ಟೆಫಾ ಈಗ ಕೂಗಾಡುತ್ತಾಳೆ ಎಂದು ನೆಸ್ಟರ್ ಕಾದ. ಕೂಗಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ಮೂರು ವಾರದಿಂದ," ಅವಳು ಮೆಲ್ಲಗೆ ಹೇಳಿದಳು, "ಅಡುಗೆಮನೇಲಿ ಮೇಜಿನ ಕೆಳಗೆ ಕಾಲಿಟ್ಕೊಂಡು ಬ್ರೇಕ್ ಒತ್ತಿ ಒತ್ತಿ ನೋಡ್ತಿದ್ದೆ. ನನ್ನ ಕಾಲಿಗೆ ಏನಾಗಿದೆ ಅಂತ. ತಲೆಗೇನಾದ್ರೂ ಆಗಿದ್ಯಾ ಅಂತ. ನಿನ್ನ ಮಾತನ್ನ ನಾನೂ ನಂಬಿಬಿಟ್ಟಿದ್ದೆ ಕಣೋ."

ನೆಸ್ಟರ್ ಕೈ ಒರೆಸಿಕೊಳ್ಳುತ್ತ ಕಿಟಕಿಯ ಹತ್ತಿರ ಬಂದ. "ಗುರುವಾರ ಚರ್ಚಿಗೆ ಬಂದು ಹೇಳ್ತೀನಿ. ಆ ಹನ್ನೊಂದು ಜನರ ಎದುರಿಗೇ ಹೇಳ್ತೀನಿ."

"ಹೇಳು" ಎಂದಳು. ಆದರೆ ಸೀಟಿನಿಂದ ಏಳಲಿಲ್ಲ. "ಎಲ್ಲಿ, ತೋರ್ಸು" ಎಂದು ಕಿಟಕಿಯಿಂದ ಕೈ ಚಾಚಿದಳು.

ಅವನು ಒಂದು ಗಿಡ್ಡದು ಒಂದು ಉದ್ದದು ಎತ್ತಿ ಕೊಟ್ಟ. ಮಸಿ ಹತ್ತುತ್ತದೆಂದು ಲೆಕ್ಕಿಸದೆ ಸ್ಟೆಫಾ ಎರಡನ್ನೂ ತೊಡೆಯ ಮೇಲೆ ಜೋಡಿಸಿ ಇಟ್ಟುಕೊಂಡಳು. ಗಿಡ್ಡದು ಮುಗಿಯುವಲ್ಲಿಂದ ಉದ್ದದು ಮುಗಿಯುವವರೆಗೆ ಹೆಬ್ಬೆರಳು ಆಡಿಸಿದಳು. ಎರಡು ಬೆರಳಿನಷ್ಟು ಜಾಗ. ಇನ್ನೊಮ್ಮೆ ಆಡಿಸಿದಳು.