ಮಾಳಪ್ಪನ ಹೆಸರಿನ ಪಾವತಿ

ಟೇಪ್ ರೆಕಾರ್ಡರಿಗೆ ಆರುನೂರಾ ನಲವತ್ತು ರೂಪಾಯಿ. ಸೆಲ್ಲು ನಾಲ್ಕಕ್ಕೆ ಹನ್ನೆರಡು. ದಿನಕ್ಕೊಂದು ತಾಸು ಕೇಳಿದರೆ ಹದಿನೈದು ದಿನ ಬಾಳುತ್ತವೆ. ಕ್ಯಾಸೆಟ್ಟು ಒಂದಕ್ಕೆ ಹದಿನೆಂಟು. ಏಳನೆಯ ಇಯತ್ತೆ ಮುಗಿಯಲು ಹನ್ನೆರಡು ಕ್ಯಾಸೆಟ್ಟು ಬೇಕು.

ವಾದಿರಾಜನಿಗೆ ಈ ಲೆಕ್ಕ ಬಾಯಿಪಾಠವಾಗಿತ್ತು. ಹದಿನಾಲ್ಕು ವರ್ಷ ಶಿಗ್ಗಾವಿಯಲ್ಲಿ ಬ್ಯಾಂಕಿನ ಕೆಲಸ ಮಾಡಿ, ಸಾಲದ ಕಾಗದಗಳ ಮೇಲೆ ಹೆಬ್ಬೆಟ್ಟು ಒತ್ತಿಸಿ ಬೇಸತ್ತು, ೧೯೮೩ರಲ್ಲಿ ಬಿಟ್ಟಿದ್ದ. ಆ ಕಡೆಯ ಹಳ್ಳಿಗಳಲ್ಲಿ ಹುಡುಗಿ ಮೈನೆರೆದಳೆಂದರೆ ಶಾಲೆ ಮುಗಿಯಿತು. ಒಂದೆರಡು ವರ್ಷದಲ್ಲಿ ಮದುವೆ. ಹುಡುಗಿ ಹೊಸ್ತಿಲು ದಾಟಬಾರದೆಂದರೆ ಶಾಲೆಯೇ ಹೊಸ್ತಿಲು ದಾಟಿ ಒಳಗೆ ಹೋಗಲಿ ಎಂದು ಆತ ಪಾಠಗಳನ್ನು ಕ್ಯಾಸೆಟ್ಟಿಗೆ ತುಂಬಿ ಮನೆಮನೆಗೆ ಒಯ್ದ.

"ಕುರ್ಚಿ ಬಿಟ್ಟು ಡಬ್ಬಿ ಹೊತ್ತಿ," ಎಂದು ತಾಯಿ ಗೋಪಿಕಾಬಾಯಿ ಹಂಗಿಸಿದಳು. "ಹಾಡಿದ್ದರ ಯಾರರೆ ಕೇಳ್ತಿದ್ರು. ಲೆಕ್ಕಾ ಯಾರು ಕೇಳ್ತಾರೋ?"

ದುಂಡಸಿಯ ಗುತ್ತೆವ್ವ ಕೇಳಿದಳು. ಹನ್ನೆರಡಕ್ಕೇ ಶಾಲೆ ಬಿಟ್ಟವಳು. ಕ್ಯಾಸೆಟ್ಟಿನ ಇನ್ನೊಂದು ಬದಿಯಲ್ಲಿ ತನ್ನ ಉತ್ತರಗಳನ್ನು ತಾನೇ ಹೇಳಿ ತುಂಬುತ್ತಿದ್ದಳು. ಅವಳ ದನಿಯ ಹಿಂದೆ ಅವ್ವ ಚೌಡವ್ವ ರೊಟ್ಟಿ ಬಡಿಯುವ ಸದ್ದಿರುತ್ತಿತ್ತು.

ಪುಕ್ಕಟೆ ಕೊಟ್ಟದ್ದು ಹಿತ್ತಲು ಸೇರುತ್ತದೆ ಎಂಬುದು ವಾದಿರಾಜನ ಅನುಭವ. ಅದಕ್ಕೇ ಮನೆಯವರು ತಿಂಗಳಿಗೆ ಐದು ರೂಪಾಯಿ ಕಟ್ಟಬೇಕು, ಉಳಿದದ್ದು ಆತನ ಕೈಯಿಂದ. ವರ್ಷ ತುಂಬಿದರೆ ಟೇಪು ಅವರದೇ. ಕೊನೆಯ ಕಂತಿನ ದಿನ ಆತ ಹಣ ಸಂದದ್ದಕ್ಕೆ ಪಾವತಿ ಚೀಟಿ ಬರೆಯುವಾಗ ಗುತ್ತೆವ್ವ ಬಾಗಿಲ ಮರೆಯಿಂದ ಅಂದಳು:

"ಸರ್, ನನ್ನ ಹೆಸರಿಗೆ ಬರೀರಿ."

"ನೀ ಇನ್ನೂ ಸಣ್ಣಾಕಿ. ನಿನ್ನ ಸಹಿ ನಡೆಯೂದಿಲ್ಲವ್ವಾ."

ನಕ್ಕು, ಅವಳಪ್ಪ ಮಾಳಪ್ಪನ ಹೆಸರು ಬರೆದ. ಬ್ಯಾಂಕಿನ ರೂಢಿ.

ಮರುತಿಂಗಳು ಹೋದಾಗ ಟೇಪು ಹೊಸ ಟವೆಲ್ಲಿನಲ್ಲಿ ಸುತ್ತಿ ಜಗಲಿಯ ಮೇಲಿತ್ತು.

"ಹಿರೇಕೆರೂರ ಕಡೆ ಗಂಡು ಕೂಡಿ ಬಂದೈತ್ರಿ ರಾಯರ," ಎಂದ ಮಾಳಪ್ಪ. "ವಾಚು, ಟೇಪು ಕೇಳ್ಯಾರ. ವಾಚು ತಂದೇನಿ. ಟೇಪಿಂದ ಚಿಂತಿ ಇತ್ತು, ನಿಮ್ಮ ಪುಣ್ಯಾದಿಂದ ಅದೂ ಆತು."

"ಮಾಳಪ್ಪ, ಆಕಿಗೆ ಹದಿಮೂರು. ಕಾಯ್ದೆ ಪ್ರಕಾರ ಹದಿನೆಂಟು ತುಂಬಬೇಕು."

"ಕಾಯ್ದೆ ಬಂದು ನಮ್ಮ ಬಾಗಲಾ ಕಾಯತೈತೇನ್ರಿ? ಊರಾಗ ಮಾತು ಹುಟ್ಟಿದರ ಯಾರ್‍ಯಾರ ಬಾಯಿ ಮುಚ್ಚಲಿ?"

"ಮೈ ಬಲಿತಿಲ್ಲೋ. ಹೆರಿಗಿ ತಡಕೋತಾಳೇನು?"

ಒಲೆಯ ಮುಂದಿನಿಂದ ಚೌಡವ್ವ ಅಂದಳು: "ನಾನೂ ಹದಿಮೂರಕ್ಕ ಬಂದಾಕಿ. ಸತ್ತೇನೇನ್ರಿ?" ರೊಟ್ಟಿ ತಿರುವಿ ಹಾಕಿ, "ಮೊದಲಿನ ಎರಡು ಕೂಸು ಸತ್ತ್ವು. ನಾ ಉಳದೆ."

ಟೇಪು ವಾಪಸು ಕೊಡು ಎಂದ ವಾದಿರಾಜ. ಮಾಳಪ್ಪ ಟ್ರಂಕು ತೆಗೆದು ಪಾವತಿ ತಂದ. "ಇದು ನಿಮ್ಮ ಸಹಿ ಅಲ್ಲೇನ್ರಿ?"

ಗುತ್ತೆವ್ವ ಮೊದಲ ಸಲ ಬಾಗಿಲ ಈಚೆ ಬಂದಳು. "ಸಹಿಗೆ ಸಣ್ಣಾಕಿ, ಮದಿವಿಗೆ ದೊಡ್ಡಾಕಿ. ಹೌದಲ್ರಿ ಸರ್?"

ಮದುವೆ ನಿಲ್ಲಿಸಲು ವಾದಿರಾಜ ಅಲ್ಲಿ ಇಲ್ಲಿ ಅರ್ಜಿ ಕೊಟ್ಟು ಓಡಾಡುವಷ್ಟರಲ್ಲಿ ಗುತ್ತೆವ್ವನ ತಲೆಯ ಮೇಲೆ ಅಕ್ಕಿಕಾಳು ಬಿದ್ದಿತ್ತು.

ಎರಡು ವರ್ಷದ ಮೇಲೆ ಚೌಡವ್ವ ಬಸ್ಸಿಳಿದು ಶಿಗ್ಗಾವಿಯ ಮನೆಗೆ ಬಂದಳು. ಕೈಯಲ್ಲಿ ಕ್ಯಾಸೆಟ್ಟಿನ ಗಂಟು. "ಬೀಗರು ತಿರಿಗಿ ಕೊಟ್ರು. ಟೇಪು ಇಟಗೊಂಡ್ರು," ಎಂದಳು. ಆಮೇಲೆ, "ಕೂಸು ಅಡ್ಡ ನಿಂತಿತ್ತಂತ. ಎರಡು ದಿನಾ ಬ್ಯಾನಿ ತಿಂದ್ಳು." ಹಂಗಿಸುತ್ತಿದ್ದ ಗೋಪಿಕಾಬಾಯಿಯೇ ಅವಳ ಕೈಹಿಡಿದು ಒಳಗೆ ಕರೆದು ಕೂರಿಸಿದಳು.

ವಾದಿರಾಜ ಒಂದೊಂದೇ ಹಾಕಿ ನೋಡಿದ. ಪಾಠಗಳ ಮೇಲೆ ಸಿನಿಮಾ ಹಾಡು ತುಂಬಿದ್ದರು. ಕೊನೆಯ ಕ್ಯಾಸೆಟ್ಟಿನಲ್ಲಿ ಹಾಡು ಮುಗಿದ ಮೇಲೆ ರೊಟ್ಟಿ ಬಡಿಯುವ ಸದ್ದು, "ಉತ್ತರ ಬಂತ್ರಿ ಸರ್, ಹೇಳಲೇನ್ರಿ?" ಎಂಬ ದನಿ. ಅಲ್ಲಿಗೆ ಕ್ಯಾಸೆಟ್ಟು ತೀರಿತು.

"ಇನ್ನೊಮ್ಮೆ ಹಚ್ಚರಿ," ಎಂದಳು ಚೌಡವ್ವ.

ಮುಂದೆ ಆತ ಪಾವತಿಯನ್ನು ಹುಡುಗಿಯ ಹೆಸರಿಗೇ ಬರೆಯುತ್ತೇನೆಂದ. ಆಮೇಲೆ ಯಾರೂ ಟೇಪು ಕೇಳಿಕೊಂಡು ಬರಲಿಲ್ಲ. ಒಟ್ಟು ಹದಿನಾರು ಕೊಟ್ಟಿದ್ದ. ಐದು ವರದಕ್ಷಿಣೆಯಾಗಿ ಹೋದವು. ಏಳನೆಯ ಇಯತ್ತೆ ಪಾಸಾದವರು ಇಬ್ಬರು. ಗುತ್ತೆವ್ವ ಹದಿನೈದಕ್ಕೆ ಸತ್ತಳು, ಕೂಸೂ ಉಳಿಯಲಿಲ್ಲ.